ಹೆಂಡತಿ ದಾವಣಗೆರೆಯ ಆಸ್ಪತ್ರೆಯಲ್ಲಿ, ಗಂಡ ದುಬೈನಲ್ಲಿ: ದೂರದಿಂದಲೇ ಮಾಡಬೇಕಾದ ಕೆಲಸ

ದುಬೈನಲ್ಲಿ ಕಟ್ಟಡ ನಿರ್ವಹಣೆಯ ಕಂಪನಿಯೊಂದರಲ್ಲಿ ನಾನು ಹನ್ನೊಂದು ವರ್ಷಗಳಿಂದ ಕೆಲಸದಲ್ಲಿದ್ದೇನೆ. ಹೆಂಡತಿಯೂ ಇಬ್ಬರು ಮಕ್ಕಳೂ ದಾವಣಗೆರೆಯ ವಿನೋಬನಗರದಲ್ಲಿದ್ದಾರೆ. ಕಳೆದ ವರ್ಷ ಪಿತ್ತಕೋಶದ ಕಲ್ಲೊಂದು ನಾಳಕ್ಕೆ ಜಾರಿ, ಮೇದೋಜೀರಕ ಗ್ರಂಥಿ ಊದಿಕೊಂಡು, ಆಕೆ ಊರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಹದಿಮೂರು ದಿನ ಇರಬೇಕಾಯಿತು. ಅದರಲ್ಲಿ ನಾಲ್ಕು ದಿನ ಐಸಿಯುನಲ್ಲಿ. ಮೊದಲ ಎರಡು ದಿನ ನಾನು ಮಾಡಿದ್ದು ಫೋನ್ ಮಾಡುವುದೊಂದನ್ನೇ. ಹರಿಹರದಿಂದ ಬಂದಿದ್ದ ಭಾವಮೈದುನ ‘ಭಾವ, ಸೀರಿಯಸ್ ಅಂತಿದಾರೆ’ ಎಂದರೆ, ಜಗಳೂರಿನ ಅಕ್ಕ ‘ಏನಿಲ್ಲ ಬಿಡಪ್ಪ, ಗ್ಯಾಸ್ಟ್ರಿಕ್ಕು’ ಎನ್ನುತ್ತಿದ್ದಳು. ಅವ್ವ ಮಾತ್ರ ‘ನೀ ಬಂದ್ಬಿಡು’ ಎಂದು ಅಳುತ್ತಿದ್ದಳು. ಮೂವರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆಯವರ ಬಾಯಿಂದ ಕಿವಿಗೆ ಬಿದ್ದದ್ದನ್ನು ಹೇಳುತ್ತಿದ್ದರು, ಅಷ್ಟೆ.

ಮೂರನೆಯ ದಿನದಿಂದ ನಾನು ಕ್ರಮ ಬದಲಿಸಿದೆ. ಹಾಸಿಗೆಯ ಪಕ್ಕದ ಕೆಲಸವನ್ನು ಅಲ್ಲಿರುವವರಿಗೆ ಪೂರ್ತಿಯಾಗಿ ಬಿಟ್ಟುಕೊಟ್ಟು, ಕಾಗದಪತ್ರ, ಹಣ, ವಿಮೆ, ನೆಂಟರ ನಡುವಿನ ಮಾತುಕತೆ ಇವಿಷ್ಟನ್ನು ನಾನು ವಹಿಸಿಕೊಂಡೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಚಾಪೆಯ ಮೇಲೆ ಕುಳಿತವರಿಗೆ ಈ ಮೇಜಿನ ಕೆಲಸ ಮಾಡಲು ತ್ರಾಣವೂ ಇರುವುದಿಲ್ಲ, ಬಿಡುವೂ ಇರುವುದಿಲ್ಲ. ದೂರದಲ್ಲಿರುವವರಿಗೆ ಇದನ್ನು ಬಿಟ್ಟು ಬೇರೇನೂ ಮಾಡಲು ಬರುವುದಿಲ್ಲ. ಗಂಡ ಊರಿನಲ್ಲಿದ್ದು ಹೆಂಡತಿ ಹೊರದೇಶದಲ್ಲಿ ದುಡಿಯುತ್ತಿರುವ ಮನೆಗಳಿಗೂ ಈ ಬರಹದ ಬಹುಪಾಲು ಹಾಗೆಯೇ ಹೊಂದುತ್ತದೆ.

‘ಪೇಷಂಟ್ ಕಡೆಯವರು ಯಾರು?’

ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುವ ಪ್ರಶ್ನೆ ಇದು. ಅದಕ್ಕೆ ಎದ್ದು ನಿಲ್ಲುವವರು ಒಬ್ಬರೇ ಆಗಿರಬೇಕು, ಮತ್ತು ಆ ಒಬ್ಬರು ಯಾರೆಂಬುದನ್ನು ಮೊದಲ ದಿನವೇ ನೀವು ಮನೆಯವರೆಲ್ಲರಿಗೂ ತಿಳಿಸಿ ಒಪ್ಪಿಸಬೇಕು. ಹತ್ತಿರದ ನೆಂಟರಾದ ಮಾತ್ರಕ್ಕೆ ಅವರು ಈ ಕೆಲಸಕ್ಕೆ ತಕ್ಕವರೆಂದು ತಿಳಿಯಬೇಡಿ. ವೈದ್ಯರ ಮುಂದೆ ನಿಂತು ಅರ್ಥವಾಗದ್ದನ್ನು ಮತ್ತೊಮ್ಮೆ ಕೇಳುವ ಧೈರ್ಯ, ಕೇಳಿದ್ದನ್ನು ಉಪ್ಪುಖಾರ ಹಚ್ಚದೆ ಬರೆದುಕೊಳ್ಳುವ ಅಭ್ಯಾಸ, ಕೆಲಸಕ್ಕೆ ಒಂದು ವಾರ ರಜೆ ಹಾಕುವ ಅನುಕೂಲ, ಇವು ಮೂರು ಇರುವವರನ್ನು ಆರಿಸಿ. ನನ್ನ ಮಟ್ಟಿಗೆ ಅದು ಭಾವಮೈದುನ. ಅಕ್ಕನಿಗೆ ಒಂದಿಷ್ಟು ಬೇಸರವಾಯಿತು. ಆದರೆ ಮಹಿಳೆಯರ ವಾರ್ಡಿನಲ್ಲಿ ರಾತ್ರಿ ಗಂಡಸರನ್ನು ಬಿಡುವುದಿಲ್ಲವಾದ್ದರಿಂದ ರಾತ್ರಿಯ ಸರದಿ ಆಕೆಯದೇ ಆಯಿತು, ಬೇಸರ ಅಲ್ಲಿಗೆ ಮುಗಿಯಿತು.

ಸರದಿ ಬದಲಾಗುವ ಹೊತ್ತೇ ಅಪಾಯದ ಹೊತ್ತು. ಎರಡನೆಯ ದಿನ ಬೆಳಿಗ್ಗೆ ವೈದ್ಯರು ‘ಬಾಯಿಗೆ ಏನೂ ಕೊಡಬೇಡಿ, ನೀರೂ ಬೇಡ’ ಎಂದು ಹೇಳಿದ್ದನ್ನು ಕೇಳಿಸಿಕೊಂಡವರು ಮಧ್ಯಾಹ್ನ ಸ್ನಾನಕ್ಕೆಂದು ಮನೆಗೆ ಹೋದರು. ಅವರ ಜಾಗಕ್ಕೆ ಬಂದ ಚಿಕ್ಕಮ್ಮ, ಬರಿ ಹೊಟ್ಟೆಯಲ್ಲಿ ಎಷ್ಟು ಹೊತ್ತು ಮಲಗುತ್ತಾಳೆಂದು ಮರುಕಪಟ್ಟು, ಫ್ಲಾಸ್ಕಿನಲ್ಲಿ ತಂದಿದ್ದ ರವೆ ಗಂಜಿಯನ್ನು ನಾಲ್ಕು ಚಮಚ ಕುಡಿಸಿದರು. ಅರ್ಧ ಗಂಟೆಯಲ್ಲಿ ವಾಂತಿ ಶುರುವಾಯಿತು, ಹೊಟ್ಟೆನೋವು ಮತ್ತೆ ಏರಿತು. ಚಿಕ್ಕಮ್ಮನ ತಪ್ಪೇನೂ ಇರಲಿಲ್ಲ. ಆ ಮಾತನ್ನು ಅವರಿಗೆ ದಾಟಿಸಿದವರೇ ಇರಲಿಲ್ಲ.

ಮರುದಿನ ಸಂಜೆ ಭಾವಮೈದುನನಿಂದ ಇನ್ನೂರು ಪುಟದ ಒಂದು ನೋಟ್‌ಬುಕ್ ತರಿಸಿದೆ. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ‘ಬಾಯಿಗೆ ಏನೂ ಇಲ್ಲ’ ಎಂದೂ, ಅದರ ಕೆಳಗೆ ಆಕೆಗೆ ಆಗಿಬರದ ಮಾತ್ರೆಯ ಹೆಸರು, ರಕ್ತದ ಗುಂಪು, ಮೊದಲಿನಿಂದ ನುಂಗುತ್ತಿದ್ದ ಥೈರಾಯ್ಡ್ ಮಾತ್ರೆಯ ಪ್ರಮಾಣ, ಐಪಿ ನಂಬರ್ (ಒಳರೋಗಿಯ ದಾಖಲಾತಿ ಸಂಖ್ಯೆ), ನೋಡುತ್ತಿರುವ ವೈದ್ಯರ ಹೆಸರು ಇವಿಷ್ಟನ್ನೂ ಬರೆಸಿದೆ. ಮುಂದಿನ ಪುಟಗಳಲ್ಲಿ ಗಂಟೆ, ಹೇಳಿದವರು, ಹೇಳಿದ್ದು, ತರಬೇಕಾದದ್ದು, ಖರ್ಚಾದದ್ದು, ಹೀಗೆ ಐದು ಅಂಕಣ. ಪುಸ್ತಕ ಹಾಸಿಗೆಯ ತಲೆದೆಸೆಯಲ್ಲಿಯೇ ಇರಬೇಕು, ಹೋಗುವವರು ಬರುವವರ ಕೈಗೆ ಕೊಟ್ಟೇ ಹೋಗಬೇಕು, ರಾತ್ರಿ ಒಂಬತ್ತಕ್ಕೆ ಆ ದಿನದ ಪುಟಗಳ ಫೋಟೊ ನನಗೆ ಬರಬೇಕು ಎಂದು ಗೊತ್ತುಮಾಡಿದೆವು. ಹತ್ತು ದಿನದ ಆ ಫೋಟೊಗಳನ್ನು ಜೋಡಿಸಿ ನೋಡಿದಾಗ, ಮೂವತ್ತು ಫೋನ್ ಕರೆಗಳಲ್ಲಿ ತಿಳಿಯದಿದ್ದ ಚಿತ್ರ ನನಗೆ ತಿಳಿಯಿತು.

ನೆಂಟರ ವಾಟ್ಸ್ಆಪ್ ಗುಂಪಿಗೆ ದಿನಕ್ಕೆ ಒಂದೇ ಸಂದೇಶ ಸಾಕು, ಮತ್ತು ಅದನ್ನು ನೀವೇ ಹಾಕಿ. ‘ಇವತ್ತು ಜ್ವರವಿಲ್ಲ, ನಾಳೆ ಸ್ಕ್ಯಾನಿಂಗ್ ಇದೆ, ನೋಡಲು ಬರುವವರು ಭಾನುವಾರದವರೆಗೆ ತಾಳಿಕೊಳ್ಳಿ’ ಎಂದು ಬರೆದರೆ ಅಲ್ಲಿ ಕುಳಿತವರ ಫೋನಿಗೆ ಬಿಡುವು ಸಿಗುತ್ತದೆ. ನೋಡಲು ಬರುವವರು ಪ್ರೀತಿಯಿಂದ ಬೆಣ್ಣೆದೋಸೆಯ ಪಾರ್ಸಲ್ ಹಿಡಿದು ಬರುವ ಊರು ನಮ್ಮದು. ಅದು ಜೊತೆಗಿರುವವರ ಹೊಟ್ಟೆ ಸೇರಲಿ, ಮೇದೋಜೀರಕ ಊದಿಕೊಂಡವರ ಹತ್ತಿರಕ್ಕೂ ಸುಳಿಯದಿರಲಿ.

ವೈದ್ಯರ ಜೊತೆ ಮಾತು

ರೌಂಡ್ಸಿನ ಹೊತ್ತನ್ನು ಮೊದಲು ತಿಳಿದುಕೊಳ್ಳಿ. ದಾವಣಗೆರೆಯಲ್ಲಿ ಬೆಳಿಗ್ಗೆ ಹತ್ತು ಗಂಟೆಯೆಂದರೆ ದುಬೈನಲ್ಲಿ ಎಂಟೂವರೆ; ಬೇಸಿಗೆಯ ಗಡಿಯಾರದಲ್ಲಿ ಜರ್ಮನಿಯಲ್ಲಿ ಆರೂವರೆ, ಲಂಡನ್ನಿನಲ್ಲಿ ಐದೂವರೆ, ಅಮೆರಿಕದ ಷಿಕಾಗೋದಲ್ಲಿ ಹಿಂದಿನ ರಾತ್ರಿಯ ಹನ್ನೊಂದೂವರೆ. ಆ ಹೊತ್ತಿಗೆ ನೀವು ಎಚ್ಚರವಾಗಿ, ಗದ್ದಲವಿಲ್ಲದ ಜಾಗದಲ್ಲಿ ಇರುವಂತೆ ನೋಡಿಕೊಳ್ಳಬೇಕು. ಯುಎಇಯಲ್ಲಿರುವವರಿಗೆ ಇನ್ನೊಂದು ತೊಡಕಿದೆ: ಅಲ್ಲಿ ವಾಟ್ಸ್ಆಪ್‌ನಲ್ಲಿ ಸಂದೇಶ ಹೋಗುತ್ತದೆಯೇ ಹೊರತು ಕರೆ ಹೋಗುವುದಿಲ್ಲ. ಬೋಟಿಮ್ ಅಥವಾ ಗೂಗಲ್ ಮೀಟ್‌ನಂಥ ಆಪ್ ಊರಿನವರ ಫೋನಿನಲ್ಲಿ ಮುಂಚೆಯೇ ಇರಬೇಕು. ವೈದ್ಯರು ಎದುರಿಗೆ ನಿಂತಿರುವಾಗ ಆಪ್ ಇಳಿಸಿಕೊಳ್ಳಲು ಹೋಗಿ ನಾವು ಒಂದು ದಿನದ ರೌಂಡ್ಸನ್ನೇ ಕಳೆದುಕೊಂಡೆವು.

ಫೋನಿನ ಆ ತುದಿಯಲ್ಲಿ ಮಾತನಾಡುತ್ತಿರುವುದು ನಿಜವಾಗಿಯೂ ಗಂಡನೇ ಎಂದು ತಿಳಿಯಲು ವೈದ್ಯರಿಗೆ ದಾರಿಯಿಲ್ಲ. ರೋಗಿಯ ವಿಷಯವನ್ನು ಅಪರಿಚಿತರಿಗೆ ಹೇಳದಿರುವುದು ಅವರ ಕರ್ತವ್ಯ. ಆದ್ದರಿಂದ ರೋಗಿಯೇ ‘ನಮ್ಮ ಯಜಮಾನರಿಗೆ ಎಲ್ಲವನ್ನೂ ಹೇಳಬಹುದು’ ಎಂದು ಒಮ್ಮೆ ವೈದ್ಯರಿಗೆ ನೇರವಾಗಿ ಹೇಳಿದರೆ ಮುಂದಿನದು ಸರಾಗ. ಸಿಗುವುದು ಮೂರೋ ನಾಲ್ಕೋ ನಿಮಿಷ. ನಿನ್ನೆಗಿಂತ ಇವತ್ತು ಏನು ಬದಲಾಗಿದೆ, ನಾಳೆಗೆ ಏನು ಮಾಡಬೇಕೆಂದಿದ್ದೀರಿ, ಯಾವ ಲಕ್ಷಣ ಕಂಡರೆ ನೀವು ಚಿಂತಿಸುತ್ತೀರಿ, ಈ ಮೂರು ಪ್ರಶ್ನೆಗಳನ್ನು ಪ್ರತಿದಿನವೂ ಇದೇ ಅನುಕ್ರಮದಲ್ಲಿ ಕೇಳಿ. ‘ಹುಷಾರಾಗ್ತಾಳಾ ಸರ್?’ ಎಂದು ನಾನೂ ಕೇಳಿದ್ದೆ. ಅದಕ್ಕೆ ಬಂದದ್ದು ‘ನೋಡೋಣ’ ಎಂಬ ಉತ್ತರ. ಮೂರನೆಯ ಪ್ರಶ್ನೆಗೆ ಮಾತ್ರ ಆ ವೈದ್ಯರು ನಿಂತು, ಮೂತ್ರದ ಪ್ರಮಾಣ ಕಡಿಮೆಯಾದರೆ, ಉಸಿರಾಟದ ವೇಗ ಹೆಚ್ಚಾದರೆ ಎಂದು ವಿವರಿಸಿದರು. ಅಂದಿನಿಂದ ಆ ಎರಡು ಅಂಕಿಗಳು ನಮ್ಮ ನೋಟ್‌ಬುಕ್ಕಿನಲ್ಲಿ ದಿನವೂ ಸೇರಿದವು.

ಬಾಪೂಜಿ ಆಸ್ಪತ್ರೆ, ಎಸ್.ಎಸ್. ಆಸ್ಪತ್ರೆಗಳಂತೆ ವೈದ್ಯಕೀಯ ಕಾಲೇಜಿಗೆ ಸೇರಿದ ಆಸ್ಪತ್ರೆಗಳಲ್ಲಿ ಯೂನಿಟ್ ಪದ್ಧತಿ, ಅಂದರೆ ಒಬ್ಬ ಹಿರಿಯ ವೈದ್ಯರ ಕೈಕೆಳಗೆ ಒಂದು ತಂಡ, ಇರುತ್ತದೆ. ಯಾವ ವಿಭಾಗ, ಎಷ್ಟನೆಯ ಯೂನಿಟ್, ಯೂನಿಟ್‌ನ ಮುಖ್ಯಸ್ಥರು ಯಾರು ಎಂಬುದನ್ನು ಬರೆದಿಟ್ಟುಕೊಳ್ಳಿ. ಹಿರಿಯ ವೈದ್ಯರು ಬಂದುಹೋಗುವುದು ಸ್ವಲ್ಪ ಹೊತ್ತು; ಸ್ನಾತಕೋತ್ತರ ವಿದ್ಯಾರ್ಥಿಗಳಾದ ಪಿಜಿ ಡಾಕ್ಟರುಗಳು ಇಡೀ ದಿನ ಅಲ್ಲಿಯೇ ಇರುತ್ತಾರೆ, ರಿಪೋರ್ಟುಗಳೆಲ್ಲ ಅವರ ಕೈ ದಾಟಿಯೇ ಹೋಗುತ್ತವೆ. ಚಿಗಟೇರಿ ಜಿಲ್ಲಾ ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಯಲ್ಲಿ ಜನಸಂದಣಿ ಹೆಚ್ಚು. ಅಲ್ಲಿ ದೂರದಿಂದ ಫೋನಿನಲ್ಲಿ ವೈದ್ಯರನ್ನು ಹಿಡಿಯುವ ಪ್ರಯತ್ನಕ್ಕಿಂತ ನಿಮ್ಮ ಕಡೆಯವರ ಕೈಯಲ್ಲಿ ಪ್ರಶ್ನೆಗಳ ಚೀಟಿ ಇರುವುದು ಹೆಚ್ಚು ಫಲ ಕೊಡುತ್ತದೆ.

ಎರಡನೆಯ ವೈದ್ಯರ ಅಭಿಪ್ರಾಯ ಬೇಕೆನಿಸಿದರೆ ಹಿಂಜರಿಯಬೇಡಿ. ಕೇಳಿದ ಮಾತ್ರಕ್ಕೆ ಅದು ಅವಮಾನವಾಗುವುದಿಲ್ಲ. ರೋಗಿಯಾಗಲಿ, ಆಕೆಯ ಅಧಿಕೃತ ಪರಿಚಾರಕರಾಗಲಿ ವೈದ್ಯಕೀಯ ದಾಖಲೆಗಳನ್ನು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಿಯಮಾವಳಿಯಲ್ಲಿಯೇ ಇದೆ. ಕೋರಿಕೆಯನ್ನು ಬರೆದುಕೊಟ್ಟು, ಒಂದು ಪ್ರತಿಗೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಸ್ಕ್ಯಾನಿನ ವರದಿಯ ಫೋಟೊ ಒಂದೇ ಸಾಲದು. ಚಿತ್ರಗಳಿರುವ ಸಿಡಿಯನ್ನೂ ಪಡೆಯಬೇಕು, ಬೇರೆ ವೈದ್ಯರು ನೋಡಬಯಸುವುದು ಅದನ್ನೇ.

ಹಣ ಮತ್ತು ವಿಮೆ

ಇಲ್ಲಿ ನನ್ನದೇ ಒಂದು ಮೂರ್ಖತನವನ್ನು ಮೊದಲು ಹೇಳಿಬಿಡುತ್ತೇನೆ. ವಿಮಾ ಪಾಲಿಸಿಯಲ್ಲಿಯೂ ಬ್ಯಾಂಕಿನಲ್ಲಿಯೂ ನೋಂದಾಯಿಸಿದ್ದು ನನ್ನ ಊರಿನ ಮೊಬೈಲ್ ಸಂಖ್ಯೆ. ಆ ಸಿಮ್ ದುಬೈನ ಕೋಣೆಯ ಮೇಜಿನ ಡ್ರಾಯರಿನಲ್ಲಿ, ರೀಚಾರ್ಜ್ ಇಲ್ಲದೆ, ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಸತ್ತು ಬಿದ್ದಿತ್ತು. ಆಸ್ಪತ್ರೆಯ ವಿಮಾ ಕೌಂಟರಿನವರು ‘ಓಟಿಪಿ ಹೇಳಿ’ ಎಂದಾಗ ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಒಂದು ಇಡೀ ದಿನ ಅದರಲ್ಲಿಯೇ ಹೋಯಿತು. ಹೊರದೇಶದಲ್ಲಿರುವ ಪ್ರತಿಯೊಬ್ಬರೂ ಈ ಬರಹವನ್ನು ಓದುವುದನ್ನು ಇಲ್ಲಿಗೇ ನಿಲ್ಲಿಸಿ, ತಮ್ಮ ಭಾರತದ ಸಿಮ್ ಜೀವಂತವಾಗಿದೆಯೇ, ರೋಮಿಂಗಿನಲ್ಲಿ ಅದಕ್ಕೆ ಸಂದೇಶ ಬರುತ್ತದೆಯೇ ಎಂದು ನೋಡಿ ಬಂದರೂ ಸಂತೋಷವೇ.

ಪಾಲಿಸಿಯ ಪ್ರತಿ, ವಿಮಾ ಕಾರ್ಡು, ರೋಗಿಯ ಆಧಾರ್, ಪಾನ್ ಇವುಗಳ ಚಿತ್ರಗಳು ನಿಮ್ಮ ಫೋನಿನಲ್ಲಿಯೂ ಆ ‘ಒಬ್ಬರ’ ಫೋನಿನಲ್ಲಿಯೂ ಇರಲಿ. ದಾಖಲಾದ ಸುದ್ದಿಯನ್ನು ವಿಮಾ ಕಂಪನಿಗೆ ತಿಳಿಸುವುದಕ್ಕೆ ಪಾಲಿಸಿಯಲ್ಲಿ ಗಡುವು ಇರುತ್ತದೆ, ತುರ್ತು ದಾಖಲಾತಿಗೆ ಸಾಮಾನ್ಯವಾಗಿ 24 ಗಂಟೆ. ಈ ಕೆಲಸವನ್ನು ದುಬೈನಲ್ಲಿ ಕುಳಿತೇ ಮಾಡಬಹುದು. ನಗದುರಹಿತ ಚಿಕಿತ್ಸೆಗೆ ಆಸ್ಪತ್ರೆ ಕೋರಿಕೆ ಕಳಿಸಿದ ಒಂದು ಗಂಟೆಯೊಳಗೆ ವಿಮಾ ಕಂಪನಿ ತೀರ್ಮಾನ ಹೇಳಬೇಕು, ಬಿಡುಗಡೆಯ ದಿನ ಅಂತಿಮ ಒಪ್ಪಿಗೆಯನ್ನು ಮೂರು ಗಂಟೆಯೊಳಗೆ ಕೊಡಬೇಕು, ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚುವರಿ ಶುಲ್ಕ ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರವು 2024ರ ಮೇ ತಿಂಗಳ ಸುತ್ತೋಲೆಯಲ್ಲಿ ವಿಧಿಸಿದೆ. ಕಂಪನಿಯ ಸಹಾಯವಾಣಿಗೆ ಕರೆ ಮಾಡಿದಾಗ ಈ ನಿಯಮವನ್ನು ಸೌಜನ್ಯದಿಂದಲೇ ನೆನಪಿಸಿ. ದನಿ ಏರಿಸುವುದಕ್ಕಿಂತ ಇದರಿಂದ ಕೆಲಸ ಬೇಗ ಆಗುತ್ತದೆ.

ಕೋಣೆಯ ಬಾಡಿಗೆಯ ಮಿತಿಯನ್ನು ದಾಖಲಾಗುವಾಗಲೇ ನೋಡಬೇಕು. ಪಾಲಿಸಿಯಲ್ಲಿ ದಿನಕ್ಕೆ 3,000 ರೂಪಾಯಿಯ ಕೋಣೆಗೆ ಮಿತಿಯಿದ್ದು, ಮನೆಯವರು ‘ಗಂಡ ದುಬೈನಲ್ಲಿದ್ದಾನೆ, ಒಳ್ಳೆಯ ರೂಮೇ ಇರಲಿ’ ಎಂದು 6,000ದ ಕೋಣೆ ಹಿಡಿದರೆ ಬಾಡಿಗೆಯ ವ್ಯತ್ಯಾಸವಷ್ಟೇ ನಿಮ್ಮ ತಲೆಗೆ ಬರುವುದಿಲ್ಲ. ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕ ಮೊದಲಾದವನ್ನೂ ಅದೇ ಪ್ರಮಾಣದಲ್ಲಿ ಕಡಿತಗೊಳಿಸುವ ಷರತ್ತು ಹಲವು ಪಾಲಿಸಿಗಳಲ್ಲಿದೆ. ಔಷಧಿ, ಪರೀಕ್ಷೆ ಮತ್ತು ಐಸಿಯುಗೆ ಈ ಕಡಿತವಿಲ್ಲ. ಪಿತ್ತಕೋಶದ ಕಲ್ಲು, ಹರ್ನಿಯಾ, ಕಣ್ಣಿನ ಪೊರೆ ಇಂಥವಕ್ಕೆ ಪಾಲಿಸಿ ಕೊಂಡ ಮೊದಲ ಎರಡು ವರ್ಷ ರಕ್ಷೆ ಇಲ್ಲದಿರುವುದೂ ಸಾಮಾನ್ಯ. ನಮ್ಮದು ಮೂರನೆಯ ವರ್ಷಕ್ಕೆ ಕಾಲಿಟ್ಟಿದ್ದರಿಂದ ಬಚಾವಾದೆವು. ಗಲ್ಫಿನ ಉದ್ಯೋಗದಾತರು ಮಾಡಿಸಿಕೊಡುವ ವಿಮೆ ಊರಿನಲ್ಲಿರುವ ಹೆಂಡತಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲವಾದ್ದರಿಂದ ಅದನ್ನು ನೆಚ್ಚಿಕೊಳ್ಳಬೇಡಿ.

ವಿಮೆಯಿಲ್ಲದ ಮನೆಯವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯನ್ನು ವಿಚಾರಿಸಬೇಕು. ಬಿಪಿಎಲ್ ಪಡಿತರ ಚೀಟಿಯ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೂ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಂತೆ ವರ್ಷಕ್ಕೆ 1.5 ಲಕ್ಷದವರೆಗೂ ನೆರವು ಇದರಲ್ಲಿದೆ. ತುರ್ತು ಚಿಕಿತ್ಸೆಗಳನ್ನು ಬಿಟ್ಟರೆ ಉಳಿದವಕ್ಕೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ; ಆದ್ದರಿಂದ ಖಾಸಗಿ ಆಸ್ಪತ್ರೆಯಲ್ಲಿ ಬಿಲ್ಲು ಬೆಳೆದ ಮೇಲೆ ಓಡಾಡುವುದಕ್ಕಿಂತ ಮೊದಲೇ ಕೇಳುವುದು ಲೇಸು.

ಹಣ ಕಳಿಸುವ ದಾರಿಗಳು ಈಗ ಸುಲಭವಾಗಿವೆ. ಯುಎಇ, ಸೌದಿ ಅರೇಬಿಯ, ಕತಾರ್, ಒಮಾನ್, ಅಮೆರಿಕ, ಬ್ರಿಟನ್ ಸೇರಿ ಹತ್ತು ದೇಶಗಳ ಮೊಬೈಲ್ ಸಂಖ್ಯೆಯಿಂದಲೇ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಗೆ (ಎರಡೂ ಅನಿವಾಸಿ ಭಾರತೀಯರ ಬ್ಯಾಂಕ್ ಖಾತೆಗಳೇ; ಮೊದಲನೆಯದು ಹೊರದೇಶದ ಗಳಿಕೆಗೆ, ಎರಡನೆಯದು ಭಾರತದೊಳಗಿನ ಆದಾಯಕ್ಕೆ) ಯುಪಿಐ ಜೋಡಿಸಲು 2023ರಲ್ಲಿ ಅವಕಾಶವಾಯಿತು. ಸಾಮಾನ್ಯ ಯುಪಿಐ ಪಾವತಿಗೆ 1 ಲಕ್ಷದ ಮಿತಿಯಿದ್ದರೂ ಆಸ್ಪತ್ರೆಗೆ 5 ಲಕ್ಷದವರೆಗೆ ಪಾವತಿಸಬಹುದು. ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ನೆಫ್ಟ್ ಮತ್ತು ಆರ್‌ಟಿಜಿಎಸ್ ಭಾನುವಾರವೂ, ರಾತ್ರಿಯೂ ನಡೆಯುತ್ತವೆ. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ಆಸ್ಪತ್ರೆ ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ನಿರ್ಬಂಧವಿದೆ. ಆದ್ದರಿಂದ ಮಂಡಿಪೇಟೆಯ ಯಾರದೋ ಅಂಗಡಿಯಿಂದ ಕೈಗಡ ತಂದು ನೋಟಿನ ಕಟ್ಟುಗಳನ್ನು ಕೌಂಟರಿಗೆ ಒಯ್ಯುವ ಹಳೆಯ ದಾರಿ ಅರ್ಧಕ್ಕೇ ನಿಲ್ಲುತ್ತದೆ. ದೊಡ್ಡ ಮೊತ್ತವನ್ನು ನೀವೇ ನೇರವಾಗಿ ಆಸ್ಪತ್ರೆಯ ಖಾತೆಗೆ ಹಾಕಿ. ಜೊತೆಗಿರುವವರ ಖಾತೆಯಲ್ಲಿ ಔಷಧಿ, ಆಟೊ, ಊಟಕ್ಕೆಂದು ಹದಿನೈದೋ ಇಪ್ಪತ್ತೋ ಸಾವಿರ ಸದಾ ಇರುವಂತೆ ನೋಡಿಕೊಳ್ಳಿ. ಅವರು ತಮ್ಮ ಜೇಬಿನಿಂದ ಹಾಕಿ ಆಮೇಲೆ ಕೇಳಲು ಸಂಕೋಚಪಡುವ ಪರಿಸ್ಥಿತಿ ಬರಬಾರದು. ಹೊರದೇಶಕ್ಕೆ ಹೋದ ಮೇಲೂ ಹಳೆಯ ಉಳಿತಾಯ ಖಾತೆಯನ್ನೇ ಇಟ್ಟುಕೊಂಡವರು ಅದನ್ನು ಎನ್‌ಆರ್‌ಒ ಆಗಿ ಬದಲಿಸಿಕೊಳ್ಳಬೇಕು, ಹೆಂಡತಿಯ ಹೆಸರನ್ನು ಜಂಟಿಯಾಗಿಯೋ, ಖಾತೆ ನಡೆಸುವ ಅಧಿಕಾರವನ್ನು ಬ್ಯಾಂಕಿಗೆ ಬರೆದುಕೊಡುವ ಮ್ಯಾಂಡೇಟ್ ಮೂಲಕವೋ ಸೇರಿಸಬೇಕು.

ಐಸಿಯುನಲ್ಲಿ ರೋಗಿ ಇದ್ದಾಗ, ‘ಆಸ್ಪತ್ರೆಯಿಂದ ಡಾಕ್ಟರ್ ಮಾತಾಡ್ತಿರೋದು, ತುರ್ತಾಗಿ ಇಂಜೆಕ್ಷನ್ ಬೇಕು, ಈ ನಂಬರಿಗೆ ಹಣ ಹಾಕಿ’ ಎಂದು ವಂಚಕರು ಕರೆ ಮಾಡುವುದುಂಟು. ಎಷ್ಟೇ ಗಾಬರಿಯಿದ್ದರೂ ಕರೆ ಕತ್ತರಿಸಿ, ನಿಮ್ಮ ಕಡೆಯವರಿಗೆ ಫೋನ್ ಮಾಡಿ, ಅವರು ಬಿಲ್ಲಿಂಗ್ ಕೌಂಟರಿನಲ್ಲಿ ವಿಚಾರಿಸಿದ ಮೇಲೆಯೇ ಹಣ ಹಾಕಿ.

ಸಹಿ ಯಾರದು

‘ಗಂಡನ ಸಹಿ ಬೇಕು, ಅವರು ಯಾವಾಗ ಬರುತ್ತಾರೆ?’ ಪಿತ್ತಕೋಶ ತೆಗೆಯುವ ಶಸ್ತ್ರಚಿಕಿತ್ಸೆಯ ಹಿಂದಿನ ದಿನ ನಮಗೆ ಎದುರಾದ ಮಾತಿದು. ನಾನು ವಿಮಾನದ ಟಿಕೆಟ್ ಹುಡುಕಲು ಹೊರಟಿದ್ದೆ. ಆದರೆ ಪ್ರಾಪ್ತ ವಯಸ್ಸಿನ, ಎಚ್ಚರವಿರುವ, ತಿಳಿವಳಿಕೆಯಿರುವ ರೋಗಿಯ ಚಿಕಿತ್ಸೆಗೆ ಬೇಕಾದದ್ದು ರೋಗಿಯದೇ ಒಪ್ಪಿಗೆ. ಅರಿವಳಿಕೆಯಲ್ಲಿದ್ದ ಮಗಳ ಪರವಾಗಿ ತಾಯಿ ಕೊಟ್ಟ ಒಪ್ಪಿಗೆ ಸಾಲದೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಪ್ರಾಣಾಪಾಯದ ತುರ್ತಿನಲ್ಲಿ ಒಪ್ಪಿಗೆಗಾಗಿ ಕಾಯದೆ ವೈದ್ಯರು ಮುಂದುವರಿಯಬಹುದು ಎಂಬುದೂ ಅದೇ ತೀರ್ಪಿನಲ್ಲಿದೆ. ಇದನ್ನು ಭಾವಮೈದುನ ವಾರ್ಡಿನ ಹಿರಿಯ ಸಿಸ್ಟರ್ ಬಳಿ ಮೆಲ್ಲಗೆ ಹೇಳಿದ ಮೇಲೆ, ಫಾರಂ ನೇರವಾಗಿ ಆಕೆಯ ಕೈಗೇ ಹೋಯಿತು. ಆಕೆ ಕನ್ನಡಕ ತರಿಸಿಕೊಂಡು, ಎರಡೂ ಪುಟ ಓದಿ, ‘ತೂತು ಮಾಡಿ ತೆಗೀತೀರೋ, ಹೊಟ್ಟೆ ಕೊಯ್ತೀರೋ?’ ಎಂದು ಕೇಳಿ, ಉತ್ತರ ಕೇಳಿಸಿಕೊಂಡು ಸಹಿ ಮಾಡಿದಳಂತೆ. ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

ಆದ್ದರಿಂದ ರೋಗಿ ಮಾತನಾಡುವ ಸ್ಥಿತಿಯಲ್ಲಿದ್ದರೆ ತೀರ್ಮಾನಗಳನ್ನು ಆಕೆಯ ತಲೆಯ ಮೇಲಿಂದ ದಾಟಿಸಬೇಡಿ. ಆಕೆಗೆ ಎಚ್ಚರವಿಲ್ಲದ ಸಂದರ್ಭಕ್ಕೆಂದು, ನಿಮ್ಮ ಪರವಾಗಿ ಇಂಥವರು ಮಾತನಾಡುತ್ತಾರೆ ಎಂಬ ಪತ್ರಕ್ಕೆ ಸಹಿ ಮಾಡಿ, ಪಾಸ್‌ಪೋರ್ಟಿನ ಪ್ರತಿಯೊಡನೆ ಆಸ್ಪತ್ರೆಗೆ ಇಮೇಲ್ ಮಾಡಿ. ಇದು ಕಾನೂನಿನ ದಸ್ತಾವೇಜಲ್ಲ. ಆದರೂ ರಾತ್ರಿ ಎರಡು ಗಂಟೆಗೆ ‘ನೀವು ಯಾರು?’ ಎಂಬ ಪ್ರಶ್ನೆ ಬಂದಾಗ ಉಪಯೋಗಕ್ಕೆ ಬರುತ್ತದೆ. ಬ್ಯಾಂಕು, ಆಸ್ತಿಯ ವ್ಯವಹಾರಕ್ಕೆ ಅಧಿಕಾರ ಪತ್ರವೇ ಬೇಕಾದರೆ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಬೇಕು, ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿಯ ಮುದ್ರಾಂಕ ಶುಲ್ಕ ಕಟ್ಟಬೇಕು.

ಹೋಗಬೇಕೇ, ಯಾವಾಗ

ಊರಿನವರೆಲ್ಲ ಕೇಳುವ ಪ್ರಶ್ನೆ ಇದೊಂದೇ, ಮತ್ತು ಹೋಗದಿದ್ದರೆ ಆಡಿಕೊಳ್ಳುವುದೂ ಇದನ್ನೇ. ನನ್ನ ಅಭಿಪ್ರಾಯ ಹೀಗಿದೆ: ಜೀವಕ್ಕೆ ಅಪಾಯವಿದೆಯೆಂದು ವೈದ್ಯರು ಹೇಳಿದರೆ, ಅಥವಾ ರೋಗಿಯೇ ‘ಬಾ’ ಎಂದರೆ, ಲೆಕ್ಕ ಹಾಕದೆ ಹೊರಡಿ. ಇವೆರಡೂ ಇಲ್ಲದಿದ್ದರೆ ರಜೆಯನ್ನು ಐಸಿಯುನ ಬಾಗಿಲ ಮುಂದೆ ಕಳೆಯುವುದಕ್ಕಿಂತ ಬಿಡುಗಡೆಯಾದ ಮೇಲಿನ ವಾರಗಳಿಗೆ ಉಳಿಸುವುದು ಮೇಲು. ಐಸಿಯುನಲ್ಲಿ ದಿನಕ್ಕೆ ಒಂದೆರಡು ಸಲ, ಐದೈದು ನಿಮಿಷ ನೋಡಲು ಬಿಡುತ್ತಾರೆ. ಮನೆಗೆ ಬಂದ ಮೇಲೆ ಸ್ನಾನಕ್ಕೆ, ಮೆಟ್ಟಿಲಿಗೆ, ಮಾತ್ರೆಗೆ, ಅಡುಗೆಗೆ ಇಡೀ ದಿನ ಕೈಗಳು ಬೇಕು, ಆ ಹೊತ್ತಿಗೆ ನೆಂಟರ ರಜೆಗಳೆಲ್ಲ ಮುಗಿದಿರುತ್ತವೆ. ನಾನು ಹನ್ನೆರಡನೆಯ ದಿನ ಹೊರಟೆ.

ಯುಎಇಯ ಕಾರ್ಮಿಕ ಕಾನೂನಿನಲ್ಲಿ ಒಂದು ವರ್ಷ ಪೂರೈಸಿದವರಿಗೆ 30 ದಿನದ ವಾರ್ಷಿಕ ರಜೆಯಿದೆ; ಅನಾರೋಗ್ಯ ರಜೆ ನೌಕರನ ಸ್ವಂತ ಕಾಯಿಲೆಗೇ ಹೊರತು ಹೆಂಡತಿಯ ಕಾಯಿಲೆಗಲ್ಲ. ಆದ್ದರಿಂದ ಮೇಲಧಿಕಾರಿಗೆ ಮೊದಲ ದಿನವೇ ಬರವಣಿಗೆಯಲ್ಲಿ ತಿಳಿಸಿ, ವೈದ್ಯರ ಪತ್ರವನ್ನು ಲಗತ್ತಿಸಿ, ವಾರ್ಷಿಕ ರಜೆಯನ್ನು ಮುಂದಕ್ಕೆಳೆದುಕೊಳ್ಳಿ. ಪಾಸ್‌ಪೋರ್ಟನ್ನು ಕಂಪನಿ ಇಟ್ಟುಕೊಳ್ಳುವುದು ಅಲ್ಲಿ ಕಾನೂನುಬಾಹಿರ. ಸೌದಿಯಲ್ಲಿರುವವರು ನಿರ್ಗಮನ ಮತ್ತು ಮರುಪ್ರವೇಶದ ವೀಸಾ ಇಲ್ಲದೆ ಹೊರಟರೆ ಮರಳುವುದು ಕಷ್ಟವಾಗುತ್ತದೆ. ದುಬೈನಿಂದ ಬೆಂಗಳೂರಿಗೆ ವಿಮಾನದಲ್ಲಿ ನಾಲ್ಕು ಗಂಟೆ. ಅಲ್ಲಿಂದ ತುಮಕೂರು, ಹಿರಿಯೂರು, ಚಿತ್ರದುರ್ಗದ ಮೇಲೆ ದಾವಣಗೆರೆಗೆ ಸುಮಾರು 260 ಕಿಲೋಮೀಟರ್, ಕಾರಿನಲ್ಲಿ ಐದಾರು ಗಂಟೆ. ರೋಗಿಯನ್ನು ಬೆಂಗಳೂರಿಗೋ ಮಣಿಪಾಲಕ್ಕೋ ಸಾಗಿಸುವ ಮಾತು ಬಂದಾಗಲೂ ಈ ದೂರವನ್ನೇ ನೆನೆಯಬೇಕು: ದಾರಿಯಲ್ಲಿ ರೋಗಿ ಸ್ಥಿರವಾಗಿರುತ್ತಾಳೆಯೇ, ವೆಂಟಿಲೇಟರ್ ಮತ್ತು ತರಬೇತಿ ಪಡೆದ ಸಿಬ್ಬಂದಿಯಿರುವ ಆಂಬುಲೆನ್ಸ್ ಸಿಗುತ್ತದೆಯೇ, ಆ ಕಡೆ ಹಾಸಿಗೆ ಖಚಿತವಾಗಿದೆಯೇ ಎಂಬ ಮೂರಕ್ಕೂ ಉತ್ತರ ಸಿಗುವವರೆಗೆ ಹೊರಡಿಸಬೇಡಿ.

ಮನೆಯಲ್ಲಿರುವ ಮಕ್ಕಳನ್ನು ಮರೆಯುವುದು ಸುಲಭ. ನಮ್ಮ ಮಗ ಏಳನೆಯ ತರಗತಿ; ಐದು ದಿನ ಅವನಿಗೆ ಯಾರೂ ಏನೂ ಹೇಳಿರಲಿಲ್ಲ. ನಂತರ ಪ್ರತಿ ಸಂಜೆ ಏಳಕ್ಕೆ ಅವನಿಗೆಂದೇ ಒಂದು ಕರೆ ಇಟ್ಟೆ, ಅಮ್ಮನ ಹೊಟ್ಟೆಯೊಳಗೆ ಏನಾಗಿದೆಯೆಂದು ಕಾಗದದಲ್ಲಿ ಚಿತ್ರ ಬರೆದು ತೋರಿಸಿದೆ.

ಬಿಡುಗಡೆಯ ದಿನ

ಗಡಿಬಿಡಿಯಲ್ಲಿ ಎಲ್ಲರೂ ಹೊರಡುವುದರ ಮೇಲೆಯೇ ಕಣ್ಣಿಡುತ್ತಾರೆ. ಡಿಸ್ಚಾರ್ಜ್ ಸಮರಿಯನ್ನು ಕಾರು ಹತ್ತುವ ಮೊದಲೇ ಫೋಟೊ ತೆಗೆಸಿ ನೀವು ಓದಬೇಕು: ಹೆಸರು, ವಯಸ್ಸು, ಕಾಯಿಲೆಯ ಹೆಸರು, ದಿನಾಂಕಗಳು ಸರಿಯಿವೆಯೇ, ಮೊದಲಿನ ಮಾತ್ರೆಗಳನ್ನು ಮುಂದುವರಿಸಬೇಕೋ ನಿಲ್ಲಿಸಬೇಕೋ ಬರೆದಿದ್ದಾರೆಯೇ. ನಮ್ಮ ಸಮರಿಯಲ್ಲಿ ಥೈರಾಯ್ಡ್ ಮಾತ್ರೆ ಬಿಟ್ಟುಹೋಗಿತ್ತು. ನೋಟ್‌ಬುಕ್ಕಿನ ಮೊದಲ ಪುಟದಿಂದಾಗಿ ಸಿಕ್ಕಿಬಿತ್ತು, ಅಲ್ಲಿಯೇ ಸೇರಿಸಿ ಸೀಲು ಹಾಕಿಕೊಟ್ಟರು. ಬಿಡುಗಡೆಯ ನಂತರದ ಔಷಧಿ, ಪರೀಕ್ಷೆಗಳ ಖರ್ಚನ್ನೂ ಪಾಲಿಸಿಯಲ್ಲಿ ಬರೆದಷ್ಟು ದಿನ ವಿಮೆ ಭರಿಸುತ್ತದೆಯಾದ್ದರಿಂದ ಮೂಲ ಬಿಲ್ಲುಗಳು, ವೈದ್ಯರ ಚೀಟಿಗಳು, ವರದಿಗಳು ಒಂದೇ ಲಕೋಟೆಯಲ್ಲಿರಲಿ. ಕಂಪನಿಗೆ ಕಳಿಸುವ ಮುನ್ನ ಪ್ರತಿಯೊಂದರ ಜೆರಾಕ್ಸ್ ಇಟ್ಟುಕೊಳ್ಳಿ.

ಮನೆಗೆ ಬಂದ ನಾಲ್ಕನೆಯ ದಿನ ಆ ನೋಟ್‌ಬುಕ್ಕನ್ನು ಆಕೆ ನನ್ನ ಕೈಯಿಂದ ತೆಗೆದುಕೊಂಡಳು. ಹೊಲಿಗೆ ತೋರಿಸಲು ಹೋಗಬೇಕಾದ ದಿನಾಂಕದ ಕೆಳಗೆ ಆಕೆ ಬರೆದ ಮೊದಲ ಸಾಲು, ‘ಹಾಲಿನವರಿಗೆ ಹದಿಮೂರು ದಿನದ್ದು ಕೊಟ್ಟಿಲ್ಲ’.